ಈಸೂರಿಗೆ ಹತ್ತು ನಿಮಿಷ ಸಾಲದು

ಸಂಪಾದಕರಿಗೆ ನಮಸ್ಕಾರ.

ನಾನು ದಾವಣಗೆರೆಯವನು, ಮಿನಿ ಬಸ್ ಡ್ರೈವರ್. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಮದುವೆ ಸೀಸನ್ನಿನಲ್ಲಿ ದಿಬ್ಬಣ, ಶ್ರಾವಣದಲ್ಲಿ ದೇವಸ್ಥಾನ, ಡಿಸೆಂಬರ್ ಬಂತು ಅಂದ್ರೆ ಶಾಲೆ ಮಕ್ಕಳ ಪ್ರವಾಸ. ಈಗ ಮತ್ತೆ ಪ್ರವಾಸದ ಮಾತು ಶುರುವಾಗಿದೆ. ಮೇಷ್ಟ್ರುಗಳು ಫೋನ್ ಮಾಡಿ ರೇಟು ಕೇಳುತ್ತಿದ್ದಾರೆ. ಊರುಗಳ ಹೆಸರು ಮಾತ್ರ ಪ್ರತಿ ವರ್ಷದವೇ. ಜೋಗ, ಮುರುಡೇಶ್ವರ, ಹಂಪಿ, ಸಕ್ರೆಬೈಲು, ದುರ್ಗದ ಕೋಟೆ, ಇಲ್ಲಾಂದ್ರೆ ಯಾವುದಾದರೂ ವಾಟರ್ ಪಾರ್ಕು. ಇವು ಬೇಡ ಅಂತ ನಾನು ಹೇಳುವುದಿಲ್ಲ. ಜೋಗದ ಮುಂದೆ ಬಾಯಿ ಬಿಟ್ಟು ನಿಂತ ಮಕ್ಕಳನ್ನು ಎಷ್ಟೋ ಸಲ ನೋಡಿದ್ದೇನೆ, ಅದನ್ನು ತಪ್ಪಿಸಬಾರದು. ಆದರೆ ಆ ಪಟ್ಟಿಗೆ ಇನ್ನೊಂದು ಊರು ಸೇರಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಊರು ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲ್ಲೂಕಿನ ಈಸೂರು. ಸೇರಿಸಿದರೆ ಸಾಲದು, ಅಲ್ಲಿ ಅರ್ಧ ದಿನ ಇರಿ ಅಂತಲೂ ಕೇಳುತ್ತಿದ್ದೇನೆ. ಯಾಕೆ ಅಂತ ಹೇಳುತ್ತೇನೆ.

ಹೋದ ವರ್ಷ ಜನವರಿಯಲ್ಲಿ ಒಂದು ಶಾಲೆಯ ಮಕ್ಕಳನ್ನು ಬನವಾಸಿಗೆ ಕರೆದುಕೊಂಡು ಹೋಗಿದ್ದೆ. ಶಾಲೆಯ ಹೆಸರು ಬೇಡ. ವಾಪಸ್ ಬರುವಾಗ ಶಿಕಾರಿಪುರ ದಾಟುವ ಹೊತ್ತಿಗೆ ಸಂಜೆ ಐದು ಆಗಿತ್ತು. ಮುಂದಿನ ಸೀಟಿನಲ್ಲಿದ್ದ ಮೇಷ್ಟ್ರು, ಇಲ್ಲೇ ಹತ್ತಿರ ಈಸೂರು ಇದೆಯಲ್ಲ, ಒಂದು ಹತ್ತು ನಿಮಿಷ ನಿಲ್ಸಿ ಹೋಗೋಣ ಅಂದರು. ಸರಿ ಅಂತ ತಿರುಗಿಸಿದೆ. ಮಕ್ಕಳು ನಿದ್ದೆಗಣ್ಣಿನಲ್ಲಿ ಇಳಿದರು. ಹುತಾತ್ಮರ ಸ್ಮಾರಕದ ಮುಂದೆ ಶಾಲೆಯ ಬ್ಯಾನರ್ ಹಿಡಿದು ಸಾಲಾಗಿ ನಿಂತರು. ಒಂದು ಫೋಟೋ ಆಯಿತು. ಕಣ್ಣು ಮುಚ್ಚಿದ್ದೀರಿ ಅಂತ ಇನ್ನೊಂದು ಆಯಿತು. ಬೇಗ ಹತ್ತಿ, ಲೇಟಾಯ್ತು, ಅಪ್ಪ ಅಮ್ಮ ಕಾಯ್ತಿರ್ತಾರೆ. ಅಷ್ಟೇ. ಹತ್ತು ನಿಮಿಷವೂ ಆಗಿರಲಿಲ್ಲ.

ಬಸ್ ಹೊರಟ ಮೇಲೆ ನನ್ನ ಹಿಂದಿನ ಸೀಟಿನಲ್ಲಿದ್ದ ಒಬ್ಬ ಹುಡುಗಿ, ಏಳನೇ ಕ್ಲಾಸ್ ಇರಬಹುದು, ಸರಳಿನ ಮೇಲೆ ಗಲ್ಲ ಇಟ್ಟುಕೊಂಡು ಕೇಳಿದಳು. "ಅಣ್ಣಾ, ಅಲ್ಲಿ ಏನಾಗಿತ್ತು?" ಸ್ವಾತಂತ್ರ್ಯಕ್ಕೆ ಹೋರಾಡಿದ ಊರಮ್ಮಾ ಅಂದೆ. "ಹೋರಾಡಿ ಏನು ಮಾಡಿದ್ರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಏಸೂರು ಕೊಟ್ಟರೂ ಈಸೂರು ಕೊಡೆವು" ಅನ್ನುವ ಒಂದು ಸಾಲು ಬಿಟ್ಟರೆ ನನಗೂ ಏನೂ ಗೊತ್ತಿರಲಿಲ್ಲ. ಆ ದಾರಿಯಲ್ಲಿ ಹದಿಮೂರು ವರ್ಷ ಓಡಾಡಿದವನು ನಾನು. ಹೊನ್ನಾಳಿ ಬರುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ನಮ್ಮ ಬೀದಿಯಲ್ಲಿ ಒಬ್ಬರು ರಿಟೈರ್ಡ್ ಹಿಸ್ಟರಿ ಮೇಷ್ಟ್ರು ಇದ್ದಾರೆ. ಅವರ ಮನೆಗೆ ಹೋಗಿ ಕುಳಿತೆ. ಅವರು ಹೇಳಿದ್ದು, ಪುಸ್ತಕ ಕೊಟ್ಟು ಓದಿಸಿದ್ದು, ಆಮೇಲೆ ನಾನೇ ಎರಡು ಮೂರು ಸಲ ಊರಿಗೆ ಹೋಗಿ ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಬರೆಯುತ್ತೇನೆ. ನನ್ನ ಹಾಗೆ ಗೊತ್ತಿಲ್ಲದವರು ಇನ್ನೂ ಬಹಳ ಜನ ಇದ್ದಾರೆ ಅಂತ ನನಗೆ ಈಗ ಗೊತ್ತು.

1942ರ ಆಗಸ್ಟ್‌ನಲ್ಲಿ ಗಾಂಧೀಜಿ ಮುಂಬೈಯಲ್ಲಿ ಮಾಡು ಇಲ್ಲವೇ ಮಡಿ ಅಂದರು. ಅವರನ್ನೂ ಉಳಿದ ನಾಯಕರನ್ನೂ ಮರುದಿನ ಬೆಳಗಾಗುವುದರೊಳಗೆ ಹಿಡಿದು ಒಳಗೆ ಹಾಕಿದರು. ದೊಡ್ಡವರೆಲ್ಲ ಜೈಲಿನಲ್ಲಿ ಇದ್ದಾಗ ಹಳ್ಳಿಯವರು ತಾವೇ ಏನಾದರೂ ಮಾಡಬೇಕಾಯಿತು. ಈಸೂರಿನವರು ಕಂದಾಯ ಕೊಡುವುದಿಲ್ಲ ಅಂದರು. ಸೆಪ್ಟೆಂಬರ್ ಕೊನೆಯಲ್ಲಿ ವಸೂಲಿಗೆ ಬಂದ ಪಟೇಲ, ಶಾನುಭೋಗರ ಕೈಯಿಂದ ಲೆಕ್ಕದ ಪುಸ್ತಕ ಕಿತ್ತುಕೊಂಡರು. ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶ ಇಲ್ಲ ಅಂತ ಬೋರ್ಡು ಹಾಕಿದರು. ನಮ್ಮ ಊರಿಗೆ ನಾವೇ ಸರ್ಕಾರ ಅಂತ ಸಾರಿದರು.

ಆಮೇಲೆ ಅವರು ಮಾಡಿದ ಒಂದು ಕೆಲಸ ಇದೆ, ಮಕ್ಕಳಿಗೆ ಇದನ್ನು ಹೇಳಿದರೆ ಸಾಕು, ನಿದ್ದೆ ಹಾರಿಹೋಗುತ್ತದೆ. ಸರ್ಕಾರ ಅಂದ ಮೇಲೆ ಅಮಲ್ದಾರ ಬೇಕಲ್ವಾ, ಪೊಲೀಸ್ ಬೇಕಲ್ವಾ. ಜಯಣ್ಣ ಅನ್ನುವ ಹುಡುಗನನ್ನು ಅಮಲ್ದಾರ ಮಾಡಿದರು. ಮಲ್ಲಪ್ಪ ಅನ್ನುವ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿದರು. ಇಬ್ಬರೂ ಇನ್ನೂ ಬಾಲಕರು. ಅಮಲ್ದಾರ ಅಂದರೆ ಈಗಿನ ತಹಶೀಲ್ದಾರ್. ನಮ್ಮ ತಾಲ್ಲೂಕು ಆಫೀಸಿನ ಮುಂದೆ ಒಂದು ಪಹಣಿ ತಿದ್ದುಪಡಿಗೆ ದಿನಗಟ್ಟಲೆ ನಿಂತವರಿಗೆ ಆ ಕುರ್ಚಿ ಎಷ್ಟು ಎತ್ತರ ಅಂತ ಗೊತ್ತು. ಆ ಕಾಲದಲ್ಲಿ ಇನ್ನೂ ಎತ್ತರ. ಆ ಕುರ್ಚಿಯಲ್ಲಿ ಊರಿನವರು ತಮ್ಮ ಒಬ್ಬ ಹುಡುಗನನ್ನು ಕೂರಿಸಿದರು. ಮೇಷ್ಟ್ರು ಇದಕ್ಕೆ ಒಂದು ಕಾರಣವನ್ನೂ ಹೇಳಿದರು. ಸಣ್ಣ ಹುಡುಗರನ್ನು ಸರ್ಕಾರ ಹಿಡಿದು ಜೈಲಿಗೆ ಹಾಕುವುದು ಕಷ್ಟ. ಇರಬಹುದು. ನನಗೆ ಅನ್ನಿಸುವುದು, ಇಡೀ ಊರು ಭಯ ಬಿಟ್ಟಿತ್ತು ಅಂತ. ಭಯ ಬಿಡದವರು ಇಂಥ ಕೆಲಸಕ್ಕೆ ಮಕ್ಕಳನ್ನು ಮುಂದೆ ನಿಲ್ಲಿಸುವುದಿಲ್ಲ.

ಸೆಪ್ಟೆಂಬರ್ 28ರಂದು ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರ ಜೊತೆ ಊರಿಗೆ ಬಂದರು. ಊರೊಳಗೆ ಬರಬೇಕಾದರೆ ಖಾದಿ ಟೋಪಿ ಹಾಕಿಕೊಳ್ಳಿ ಅಂತ ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು. ತಳ್ಳಾಟ ಆಯಿತು. ಪೊಲೀಸರ ಕಡೆಯಿಂದ ಗುಂಡು ಹಾರಿತು. ಜನ ಕೆರಳಿದರು. ಆ ಗಲಾಟೆಯಲ್ಲಿ ಆ ಇಬ್ಬರೂ ಅಧಿಕಾರಿಗಳು ಸತ್ತರು.

ಈ ಭಾಗವನ್ನು ಶಾಲೆಯ ಭಾಷಣಗಳಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ. ಅಲ್ಲೇ ನಿಲ್ಲಬೇಕು ಅಂತ ನನ್ನ ಅಭಿಪ್ರಾಯ. ಈ ವರ್ಷ ಫೆಬ್ರವರಿಯಲ್ಲಿ ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಹಾಗೇ ಮಾಡಿದೆವು. ಮೂವತ್ತೆರಡು ಮಕ್ಕಳು, ಇಬ್ಬರು ಟೀಚರ್, ನಮ್ಮ ಬೀದಿಯ ಆ ರಿಟೈರ್ಡ್ ಮೇಷ್ಟ್ರು. ಬೆಳಿಗ್ಗೆ ಆರಕ್ಕೆ ಹೊರಟು, ಹೊನ್ನಾಳಿಯಲ್ಲಿ ತುಂಗಭದ್ರೆ ದಾಟಿ, ಅಲ್ಲೇ ತಿಂಡಿ ಮುಗಿಸಿ, ಒಂಬತ್ತೂವರೆಗೆ ಈಸೂರು ತಲುಪಿದೆವು. ಮಧ್ಯಾಹ್ನ ಒಂದರವರೆಗೂ ಅಲ್ಲೇ ಇದ್ದೆವು.

ಸ್ಮಾರಕದ ಹತ್ತಿರ ಮೇಷ್ಟ್ರು ಮಕ್ಕಳನ್ನು ನೆಲದ ಮೇಲೆ ಕೂರಿಸಿದರು. ಫೋಟೋ ಆಮೇಲೆ, ಮೊದಲು ಹುತಾತ್ಮರ ಹೆಸರು ಓದಿ ಅಂದರು. ಐದು ಮಕ್ಕಳು ಒಬ್ಬೊಬ್ಬರಾಗಿ ಎದ್ದು ನಿಂತು ಜೋರಾಗಿ ಓದಿದರು. ಗುರಪ್ಪ. ಜಿನಹಳ್ಳಿ ಮಲ್ಲಪ್ಪ. ಸೂರ್ಯನಾರಾಯಣಾಚಾರ್. ಬಡಕಳ್ಳಿ ಹಾಲಪ್ಪ. ಗೌಡ್ರ ಶಂಕರಪ್ಪ. ಕೊನೆಯ ಹೆಸರು ಓದಿದ ಹುಡುಗನ ಹೆಸರೂ ಶಂಕರನೇ. ಅವನು ಓದಿ ಕೂರಲಿಲ್ಲ. ತನ್ನ ಹೆಸರು ಅಲ್ಲಿ ಬಂತಲ್ಲ ಅಂತ ಹಾಗೇ ನಿಂತಿದ್ದ. ಪಕ್ಕದವನು ಅಂಗಿ ಹಿಡಿದು ಎಳೆದು ಕೂರಿಸಿದ. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದೆ. ಸಾಮಾನ್ಯವಾಗಿ ಇಂಥ ಕಡೆ ನಾವು ಡ್ರೈವರ್‌ಗಳು ಸೀಟಿನಲ್ಲಿ ಮಲಗಿಬಿಡುತ್ತೇವೆ. ಅವತ್ತು ನಾನೂ ಹೋಗಿ ಮಕ್ಕಳ ಹಿಂದೆ ಕೂತೆ.

ಆಗ ಒಬ್ಬ ಹುಡುಗ ಕೈ ಎತ್ತಿ ಕೇಳಿದ. ಸತ್ತ ಅಮಲ್ದಾರರು ಬ್ರಿಟಿಷರಾ ಸಾರ್ ಅಂತ. ಅಲ್ಲಪ್ಪ, ಹೆಸರು ಕೇಳಿದೆಯಲ್ಲ, ಚೆನ್ನಕೃಷ್ಣಪ್ಪ, ನಮ್ಮವರೇ ಅಂದರು ಮೇಷ್ಟ್ರು. ಹಾಗಾದ್ರೆ ನಮ್ಮವರನ್ನೇ ಯಾಕೆ ಹೊಡೆದರು ಅಂದ. ಟೀಚರ್ ಒಬ್ಬರು, ಅದೆಲ್ಲ ದೊಡ್ಡ ಪ್ರಶ್ನೆ, ಆಮೇಲೆ ಕೇಳು ಅಂದರು. ಮೇಷ್ಟ್ರು ಬಿಡಲಿಲ್ಲ. ಇದೇ ಕೇಳಬೇಕಾದ ಪ್ರಶ್ನೆ ಅಂದರು. ಹೇಳಿದರು. ನಮ್ಮ ಈ ಭಾಗ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಜಯಚಾಮರಾಜೇಂದ್ರ ಒಡೆಯರ್ ಪಟ್ಟಕ್ಕೆ ಬಂದು ಎರಡು ವರ್ಷ ಆಗಿತ್ತು. ಅಮಲ್ದಾರ, ಪೊಲೀಸ್ ಎಲ್ಲ ಸಂಸ್ಥಾನದ ನೌಕರರು, ಸಂಬಳಕ್ಕೆ ದುಡಿಯುವವರು. ಸಂಸ್ಥಾನದ ಮೇಲೆ ಬ್ರಿಟಿಷರು. ಹಳ್ಳಿಯವನಿಗೆ ಬ್ರಿಟಿಷ್ ಸರ್ಕಾರ ಅಂದರೆ ಎಲ್ಲೋ ದೂರದಲ್ಲಿ ಇರುವುದು. ಅವನ ಮನೆ ಬಾಗಿಲಿಗೆ ಬಂದು ಕಂದಾಯ ಕೇಳುವವರು ನಮ್ಮ ಭಾಷೆ ಮಾತಾಡುವವರು. ಆ ದಿನ ಎರಡು ಕಡೆಯೂ ಕನ್ನಡದವರೇ ನಿಂತಿದ್ದರು. ಸತ್ತವರ ಮನೆಯಲ್ಲೂ ಅವತ್ತು ರಾತ್ರಿ ಅಳು ಇತ್ತು. ಈಸೂರಿನ ಜನ ವೀರರು ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಅವತ್ತು ನಡೆದದ್ದು ಸುಲಭದ ವಿಷಯ ಆಗಿರಲಿಲ್ಲ ಮಕ್ಕಳೇ ಅಂದರು. ಆ ಹುಡುಗ ಮತ್ತೆ ಏನೂ ಕೇಳಲಿಲ್ಲ. ನೆಲದ ಮೇಲೆ ಕಡ್ಡಿಯಿಂದ ಗೀರುತ್ತಾ ಕುಳಿತಿದ್ದ. ಅವನು ಯೋಚನೆ ಮಾಡುತ್ತಿದ್ದ ಅಂತ ನನಗೆ ಗೊತ್ತಾಯಿತು. ಹತ್ತು ನಿಮಿಷದ ಫೋಟೋದಲ್ಲಿ ಇದು ಆಗುತ್ತಾ ಹೇಳಿ.

ಮುಂದೆ ಆದದ್ದನ್ನು ಊರಿನ ಒಬ್ಬ ಹಿರಿಯರು ಹೇಳಿದರು. ನಾವು ಕರೆದಿರಲಿಲ್ಲ. ಮಕ್ಕಳು ಕೂತಿದ್ದನ್ನು ನೋಡಿ ಅವರೇ ಬಂದರು. ಗಲಾಟೆ ಆದ ಮೇಲೆ ಪೊಲೀಸರು, ಮಿಲಿಟರಿಯವರು ಊರಿಗೆ ನುಗ್ಗಿದರು. ಮನೆಗಳನ್ನು ಲೂಟಿ ಮಾಡಿದರು, ಬೆಂಕಿ ಇಟ್ಟರು. ಜನ ಊರು ಬಿಟ್ಟು ಕಾಡು ಸೇರಿದರು. ಸೆಪ್ಟೆಂಬರ್ ಕೊನೆ ಅಂದರೆ ಮಲೆನಾಡಿನ ಅಂಚಿನಲ್ಲಿ ಇನ್ನೂ ಮಳೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಮರದ ಕೆಳಗೆ ರಾತ್ರಿ ಕಳೆಯಬೇಕು. ಕೂಸು ಅತ್ತರೆ ಪೊಲೀಸರಿಗೆ ಕೇಳಿಸುತ್ತದೆ ಅಂತ ಬಾಯಿಗೆ ಸೆರಗು ಒತ್ತಿ ಹಿಡಿಯುತ್ತಿದ್ದರಂತೆ. ತಮ್ಮ ಅಜ್ಜಿ ಹೇಳಿದ್ದು ಅಂತ ಆ ಹಿರಿಯರು ಕೈಯಲ್ಲಿ ತೋರಿಸಿದರು, ಹೆಗಲ ಮೇಲಿದ್ದ ಟವೆಲ್ ತೆಗೆದು ಹೀಗೆ ಅಂತ. ನಮ್ಮ ಬಸ್ಸಿನ ಹೆಣ್ಣುಮಕ್ಕಳು ಆ ಟವೆಲ್ಲನ್ನೇ ನೋಡುತ್ತಿದ್ದರು.

ಹೆಂಗಸರನ್ನೂ ಬಿಡಲಿಲ್ಲ. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಅನ್ನುವವರಿಗೆ ಜೀವಾವಧಿ ಶಿಕ್ಷೆ ಆಯಿತು. ಈ ಮೂರು ಹೆಸರು ದಾವಣಗೆರೆಯಲ್ಲಿ ಎಷ್ಟು ಮಕ್ಕಳಿಗೆ ಗೊತ್ತಿದೆ? ಒನಕೆ ಓಬವ್ವ ಎಲ್ಲರಿಗೂ ಗೊತ್ತು. ದುರ್ಗಕ್ಕೆ ಹೋದರೆ ಓಬವ್ವನ ಕಿಂಡಿಯಲ್ಲಿ ನುಸುಳದೆ ಯಾವ ಮಗುವೂ ಬರುವುದಿಲ್ಲ, ಅದು ಸರಿಯೇ. ಓಬವ್ವ ಹೈದರಾಲಿಯ ಕಾಲದವಳು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ನಮ್ಮ ಅಜ್ಜಿಯಂದಿರ ಕಾಲದವರು, ಎರಡೂವರೆ ಗಂಟೆ ದಾರಿಯ ಊರಿನವರು. ಅವರನ್ನು ನಾವು ಹೇಗೆ ಮರೆತೆವು?

ಐದು ಜನರನ್ನು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಗಲ್ಲಿಗೆ ಹಾಕಿದರು. 1943ರ ಮಾರ್ಚ್ 8, 9, 10. ಮೂರು ದಿನ. ನಾನು ಈ ಪತ್ರ ಬರೆಯಲು ಮುಖ್ಯ ಕಾರಣ ಈ ಜಾಗ.

ಆ ಸೆಂಟ್ರಲ್ ಜೈಲು ಈಗ ಎಲ್ಲಿದೆ ಸಾರ್ ಅಂತ ನಾನು ಮೇಷ್ಟ್ರನ್ನು ಕೇಳಿದೆ. ನೀನು ಎಷ್ಟೋ ಸಲ ಹೋಗಿದ್ದೀಯ, ಫ್ರೀಡಂ ಪಾರ್ಕ್ ಅಂದರು. ನನಗೆ ಒಂದು ನಿಮಿಷ ಮಾತೇ ಹೊರಡಲಿಲ್ಲ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಆ ಜಾಗ ಪಾರ್ಕ್ ಆಯಿತಂತೆ. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು ಅಂತ ಎಲ್ಲರೂ ಹೇಳುತ್ತಾರೆ, ಅಷ್ಟು ನನಗೂ ಗೊತ್ತಿತ್ತು. ಈಸೂರಿನವರ ವಿಷಯ ಯಾರೂ ಹೇಳಿರಲಿಲ್ಲ.

ಫ್ರೀಡಂ ಪಾರ್ಕಿಗೆ ನಾನು ಎಷ್ಟು ಸಲ ಹೋಗಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಬೆಂಗಳೂರಿನಲ್ಲಿ ಧರಣಿ ಅಂದರೆ ಈಗ ಅಲ್ಲೇ ತಾನೇ. ಅಂಗನವಾಡಿ ಅಕ್ಕಂದಿರನ್ನು ಕರೆದುಕೊಂಡು ಹೋಗಿದ್ದೇನೆ. ಬೆಳೆ ಪರಿಹಾರ ಬರಲಿಲ್ಲ ಅಂತ ರೈತರನ್ನು, ಬಿಸಿಯೂಟದ ತಾಯಂದಿರನ್ನು ಕರೆದುಕೊಂಡು ಹೋಗಿದ್ದೇನೆ. ರಾತ್ರಿ ಹತ್ತಕ್ಕೆ ದಾವಣಗೆರೆ ಬಿಟ್ಟರೆ ಬೆಳಗಿನ ಜಾವ ಅಲ್ಲಿ. ಅವರು ರೊಟ್ಟಿ ಬುತ್ತಿ, ಚಾಪೆ, ಬಾವುಟ ಹಿಡಿದು ಒಳಗೆ ಹೋಗುತ್ತಾರೆ. ನಾನು ಎಲ್ಲಾದರೂ ಗಾಡಿ ನಿಲ್ಲಿಸಿ ನಿದ್ದೆ ಮಾಡುತ್ತೇನೆ. ಹಳೆಯ ಜೈಲಿನ ಕಾವಲು ಗೋಪುರ ಕಾಣುತ್ತದೆ. ಸುಮ್ನೆ ನೋಡಿ ಬಿಟ್ಟಿದ್ದೆ. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ತಮ್ಮ ಊರಿನಿಂದ ಅಷ್ಟು ದೂರ ಬಂದು ಜೀವ ಬಿಟ್ಟದ್ದು ಆ ಗೋಡೆಗಳ ಒಳಗೆ. ಕಂದಾಯ ಕೊಡೆವು ಅಂದವರು ಸತ್ತ ಜಾಗಕ್ಕೇ ನಮ್ಮ ಜನ ಇವತ್ತು ತಮ್ಮ ಕಷ್ಟ ಹೇಳಿಕೊಳ್ಳಲು ಹೋಗುತ್ತಾರೆ. ಮೊನ್ನೆ ಮತ್ತೆ ಹೋದಾಗ ಅಂಗನವಾಡಿ ಅಕ್ಕಂದಿರಿಗೆ ಬಸ್ಸಿನಲ್ಲಿ ಮೈಕ್ ಹಿಡಿದು ಇದನ್ನು ಹೇಳಿದೆ. ಒಬ್ಬ ಅಕ್ಕ ಇಳಿದವಳು ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ಅವಳ ಹಿಂದಿದ್ದವರೂ.

ಹಾಗಾಗಿ ಬೆಂಗಳೂರು ಪ್ರವಾಸಕ್ಕೆ ಹೋಗುವ ಶಾಲೆಗಳಿಗೂ ಒಂದು ಮಾತು. ವಿಧಾನಸೌಧ, ಲಾಲ್‌ಬಾಗ್, ಮ್ಯೂಸಿಯಂ ಆದ ಮೇಲೆ ಫ್ರೀಡಂ ಪಾರ್ಕಿಗೂ ಒಂದು ಗಂಟೆ ಕೊಡಿ. ಹಳೆಯ ಜೈಲಿನ ಕೋಣೆಗಳನ್ನು ತೋರಿಸಿ. ಅಲ್ಲಿ ನಿಂತು ಈಸೂರಿನ ಐದು ಹೆಸರು ಓದಿಸಿ.

ಇನ್ನು ನಮ್ಮ ಜಿಲ್ಲೆಯ ವಿಷಯ. ದೂರದ ಊರಿನ ಮಾತು ಯಾಕೆ, ನಮ್ಮ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣ ಇದೆಯಲ್ಲ. ಸಂತೇಬೆನ್ನೂರಿನ ಪುಷ್ಕರಣಿ ನೋಡಲು ಹೋಗುವವರು ಸ್ವಲ್ಪ ಮುಂದೆ ಹೋದರೆ ಸಾಕು. 1830ರ ಆಗಸ್ಟ್‌ನಲ್ಲಿ ಆ ಕಡೆಯ ರೈತರು ಒಟ್ಟಾಗಿ ಕೂಟ ಸೇರಿದರು. ಅಲ್ಲಿಂದ ಶುರುವಾದದ್ದೇ ನಗರ ದಂಗೆ, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಹೆಸರಿನದು. ಅಂದರೆ ಈಸೂರಿಗಿಂತ 112 ವರ್ಷ ಮೊದಲು, 1857ರ ದಂಗೆಗೂ ಮೊದಲು. ಕಾರಣ ಕೇಳಿದರೆ ಇವತ್ತಿನ ರೈತನಿಗೂ ಅರ್ಥ ಆಗುತ್ತದೆ. ಆಗ ಅಮಲ್ದಾರರು ಈ ವರ್ಷ ಇಷ್ಟು ಕಂದಾಯ ಎತ್ತಿ ಕೊಡುತ್ತೇನೆ ಅಂತ ಸರ್ಕಾರಕ್ಕೆ ಮೊದಲೇ ಒಪ್ಪಿಕೊಳ್ಳಬೇಕಿತ್ತು, ಅದಕ್ಕೆ ಶರ್ತಿ ಅಂತ ಹೆಸರು. ಮಳೆ ಆಗಲಿ ಬಿಡಲಿ, ಧಾನ್ಯಕ್ಕೆ ಬೆಲೆ ಇರಲಿ ಬಿಡಲಿ, ಒಪ್ಪಿಕೊಂಡಷ್ಟು ವಸೂಲಾಗಲೇಬೇಕು. ಜಾಸ್ತಿ ಎತ್ತಿದವನಿಗೆ ಹುದ್ದೆ ಭದ್ರ. ಧಾನ್ಯದ ಬೆಲೆ ಬಿದ್ದಿದ್ದ ಕಾಲ ಅದು. ರೈತರು ತಡೆದುಕೊಂಡು ತಡೆದುಕೊಂಡು ಕೊನೆಗೆ ಊರೂರಿಗೆ ಹೇಳಿ ಕಳಿಸಿ ಕೂಟ ಕಟ್ಟಿದರು. ಆನಂದಪುರದ ಹತ್ತಿರ ಹೊಸಂತೆಯಲ್ಲಿ ದೊಡ್ಡದಾಗಿ ಸೇರಿದರು. ನಗರದ ಪಟ್ಟ ತನ್ನದು ಅನ್ನುತ್ತಿದ್ದ ಬೂದಿ ಬಸವಪ್ಪ ಮುಂದೆ ಬಂದ. ತರೀಕೆರೆಯ ಪಾಳೇಗಾರರು ಸೇರಿಕೊಂಡರು. 1831ರ ಜೂನ್‌ನಲ್ಲಿ ಬ್ರಿಟಿಷರ ಸೈನ್ಯ ನಗರದ ಕೋಟೆ ಹಿಡಿಯುವವರೆಗೂ ದಂಗೆ ನಡೆಯಿತು. ಆ ದಂಗೆಯನ್ನೇ ಮುಂದೆ ಮಾಡಿಕೊಂಡು ಅದೇ ವರ್ಷ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೈಯಿಂದ ಆಡಳಿತ ಕಿತ್ತುಕೊಂಡರು. ಮೈಸೂರಿನವರಿಗೆ ಅದು ವಾಪಸ್ ಸಿಕ್ಕಿದ್ದು 1881ರಲ್ಲಿ, 50 ವರ್ಷ ಆದ ಮೇಲೆ. ನಮ್ಮ ಬಸವಾಪಟ್ಟಣದ ರೈತರು ಒಂದು ದಿನ ಸೇರಿ ಕುಳಿತದ್ದು ಇಡೀ ಮೈಸೂರು ಸಂಸ್ಥಾನದ ಕಥೆಯನ್ನೇ ತಿರುಗಿಸಿತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ನಮಗೆ ಬಂದವು. ಅವುಗಳ ಜೊತೆ ಈ ಕಥೆಯೂ ನಮ್ಮ ಪಾಲಿಗೆ ಬಂತು. ಅದನ್ನು ನಾವು ಹೇಳಿಕೊಳ್ಳಬೇಕಲ್ವಾ?

ಚಿತ್ರದುರ್ಗದವರಿಗೆ ತುರುವನೂರು ಇದೆ. ದುರ್ಗದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು. 1939ರಲ್ಲಿ ಅಲ್ಲಿ ಅರಣ್ಯ ಸತ್ಯಾಗ್ರಹ ಆಯಿತು. ಜನ ಕೊಡಲಿ ಹಿಡಿದು ಹೋಗಿ ಈಚಲು ಮರ ಕಡಿದರು. ಮರ ಸರ್ಕಾರದ್ದು, ಅದರಿಂದ ಇಳಿಸುವ ಹೆಂಡದ ಆದಾಯವೂ ಸರ್ಕಾರದ್ದು, ಕಡಿದರೆ ಜೈಲು. ಗೊತ್ತಿದ್ದೇ ಕಡಿದರು. ಆಗ ದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪನವರು ಮುಂದಾಳು, ಹೆಣ್ಣುಮಕ್ಕಳೂ ಅದರಲ್ಲಿ ಇದ್ದರು. ಅದೇ ನಿಜಲಿಂಗಪ್ಪನವರು ಮುಂದೆ ಮುಖ್ಯಮಂತ್ರಿ ಆದರು. ಹೈವೇಯಲ್ಲಿ ದುರ್ಗಕ್ಕೆ ಹೋಗುವಾಗ ಸೀಬಾರದ ಹತ್ತಿರ ಅವರ ಸ್ಮಾರಕ ಸಿಗುತ್ತದೆ. ನಾವು ಎಂಬತ್ತರ ಸ್ಪೀಡಿನಲ್ಲಿ ದಾಟಿ ಹೋಗುತ್ತೇವೆ. ಕೋಟೆ ನೋಡಲು ಬರುವ ಶಾಲೆಗಳು ಅಲ್ಲಿ ಒಂದು ಅರ್ಧ ಗಂಟೆ ಇಳಿದು, ತುರುವನೂರಿಗೂ ಹೋಗಿ ಬಂದರೆ ಒಂದೇ ದಿನದಲ್ಲಿ ಆರಾಮಾಗಿ ಆಗುತ್ತದೆ. ನಾನು ಗಾಡಿ ಓಡಿಸುವವನು, ಟೈಮಿನ ಲೆಕ್ಕ ತಪ್ಪು ಹೇಳುವುದಿಲ್ಲ.

ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ವೀರಸೌಧ ಇದೆ. 1938ರ ಏಪ್ರಿಲ್‌ನಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ ಅದು. ಗೋಡೆ ತುಂಬ ಚಿತ್ರ ಹಾಕಿದ್ದಾರೆ, ಓದುತ್ತಾ ಹೋದರೆ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ. ಮದ್ದೂರಿನ ಹತ್ತಿರ ಶಿವಪುರದಲ್ಲಿ ಸತ್ಯಾಗ್ರಹ ಸೌಧ ಇದೆ. ಬಸವಾಪಟ್ಟಣಕ್ಕೂ ತುರುವನೂರಿಗೂ ಅಷ್ಟು ದೊಡ್ಡ ಕಟ್ಟಡ ಇವತ್ತೇ ಕೊಡಿ ಅಂತ ನಾನು ಕೇಳುತ್ತಿಲ್ಲ. ದೊಡ್ಡ ರಸ್ತೆಯಲ್ಲಿ, ಡ್ರೈವರ್ ಕಣ್ಣಿಗೆ ದೂರದಿಂದಲೇ ಕಾಣುವ ಹಾಗೆ, ಇಲ್ಲಿ ಹೀಗಾಗಿತ್ತು ಅಂತ ನಾಲ್ಕು ಸಾಲಿನ ಕನ್ನಡ ಬೋರ್ಡು ಕೊಡಿ. ಅದಕ್ಕೆ ಎಷ್ಟು ಖರ್ಚು ಬರುತ್ತದೆ?

ಶಾಲೆಯವರು ನನಗೆ ಹೇಳುವ ಮೊದಲ ಮಾತು, ಅಲ್ಲಿ ಮಕ್ಕಳಿಗೆ ನೋಡೋಕೆ ಏನಿದೆ ಅಂತ. ಅದೂ ಒಂದು ಹಳ್ಳಿ, ಎಲ್ಲ ಹಳ್ಳಿಯ ಹಾಗೇ ಇದೆ, ನಿಜ. ಹೆಂಚಿನ ಮನೆ, ದೇವಸ್ಥಾನ, ಕಟ್ಟೆ. ನನ್ನ ಅನುಭವ ಹೇಳುತ್ತೇನೆ. ಫೆಬ್ರವರಿಯಲ್ಲಿ ಹೋದಾಗ ಮೇಷ್ಟ್ರು ಮಕ್ಕಳನ್ನು ವೀರಭದ್ರ ದೇವಸ್ಥಾನದ ಮುಂದೆ ನಿಲ್ಲಿಸಿ, ಇದರ ಮೇಲೆ ಬಾವುಟ ಹಾರಿತ್ತು, ಈಗ ನೀವು ಅಮಲ್ದಾರ ಜಯಣ್ಣ ಆಗಿದ್ದರೆ ಮೊದಲನೇ ಆರ್ಡರ್ ಏನು ಹಾಕುತ್ತಿದ್ರಿ ಹೇಳಿ ಅಂದರು. ಮಕ್ಕಳು ಮೊದಲು ನಾಚಿಕೊಂಡರು. ಆಮೇಲೆ ಒಬ್ಬಳು, ನಮ್ಮೂರಿಗೆ ದಿನಾ ಎರಡು ಸಲ ಬಸ್ ಬರಬೇಕು ಅಂದಳು. ಒಬ್ಬ, ನಮ್ಮಪ್ಪನ ಸಾಲ ಕೇಳೋಕೆ ಯಾರೂ ಮನೆಗೆ ಬರಬಾರದು ಅಂದ. ಇನ್ನೊಬ್ಬಳು, ಶಾಲೆಯ ಟಾಯ್ಲೆಟ್ಟಿಗೆ ನೀರು ಅಂದಳು. ಟೀಚರ್ ಇಬ್ಬರೂ ತಲೆ ತಗ್ಗಿಸಿ ಕೇಳುತ್ತಾ ನಿಂತಿದ್ದರು. ಯಾವ ವಾಟರ್ ಪಾರ್ಕಿನಲ್ಲೂ ಮಕ್ಕಳು ಹೀಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಇನ್ನೊಂದು ಮಾತು ದುಡ್ಡಿನದು. ರೆಸಾರ್ಟಿಗೆ ಹೋದರೆ ಟಿಕೆಟ್, ಊಟ, ಗಾಡಿ ಸೇರಿ ಕೂಲಿ ಮಾಡುವವರ ಮಕ್ಕಳಿಗೆ ಕೊಡಲು ಆಗದಷ್ಟು ಆಗುತ್ತದೆ. ಪ್ರತಿ ಸಲವೂ ನಾಲ್ಕೈದು ಮಕ್ಕಳು ಹಿಂದೆ ಉಳಿಯುತ್ತಾರೆ. ಬಸ್ ಹೊರಡುವಾಗ ಗೇಟಿನಲ್ಲಿ ನಿಂತು ಕೈ ಬೀಸುವ ಅಂಥ ಮಕ್ಕಳನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ, ಅದು ಹೊಟ್ಟೆಗೆ ಹಿಡಿದುಕೊಳ್ಳುತ್ತದೆ. ಈಸೂರಿಗೆ ಟಿಕೆಟ್ ಇಲ್ಲ. ಹೋಗಿ ಬರಲು 200 ಕಿಲೋಮೀಟರ್ ಒಳಗೆ. ಮಧ್ಯಾಹ್ನದ ಮೇಲೆ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನ, ಅಕ್ಕಮಹಾದೇವಿಯ ಉಡುತಡಿ, ತಾಳಗುಂದ ಎಲ್ಲ ಅದೇ ತಾಲ್ಲೂಕಿನಲ್ಲಿ ಇವೆ, ಅಷ್ಟನ್ನೂ ತೋರಿಸಿಕೊಂಡು ಬಂದರೂ ರಾತ್ರಿ ಒಂಬತ್ತಕ್ಕೆ ದಾವಣಗೆರೆಯಲ್ಲಿ ಇಳಿಸಬಹುದು.

ಹೋಗುವ ಮೊದಲು ಒಂದು ದಿನ ಕ್ಲಾಸಿನಲ್ಲಿ ಮಕ್ಕಳಿಗೆ ಕಥೆ ಹೇಳಿ. ಹಿರಿಯರು ಮಾತಾಡುವಾಗ ಫೋನ್ ಹಿಡಿದು ಮುಖದ ಮುಂದೆ ನಿಲ್ಲಬೇಡಿ. ಊರಿನವರಿಗೆ ಮೊದಲೇ ಒಂದು ಮಾತು ತಿಳಿಸಿದರೆ ಇನ್ನೂ ಒಳ್ಳೆಯದು, ಅದು ಅವರು ಬದುಕುತ್ತಿರುವ ಊರು, ಹೊಲದ ಕೆಲಸ ಬಿಟ್ಟು ಬಂದು ನಮಗೆ ಹೇಳುತ್ತಾರೆ. ಮತ್ತೆ ದಯವಿಟ್ಟು ಆ ಐದು ಜನರ ಹೆಸರಿನ ಮುಂದೆ ಜಾತಿ ಹುಡುಕಬೇಡಿ. ಒಂದು ಸಲ ಒಬ್ಬ ಪ್ರಯಾಣಿಕರು ಹೆಸರು ಓದುತ್ತಾ ಇವರು ಯಾರ ಪೈಕಿ, ಅವರು ಯಾರ ಪೈಕಿ ಅಂತ ಲೆಕ್ಕ ಹಾಕುತ್ತಿದ್ದರು. ನನಗೆ ಬಹಳ ನೋವಾಯಿತು. ಅವರೆಲ್ಲ ಈಸೂರಿನವರ ಪೈಕಿ.

1942ರಲ್ಲಿ ನಮ್ಮ ದಾವಣಗೆರೆಯಲ್ಲೂ ಗೋಲಿಬಾರ್ ಆಗಿ ಜನ ಸತ್ತಿದ್ದಾರೆ. ಅದರ ಬಗ್ಗೆ ಊರಿನ ತಿಳಿದವರು ನಿಮ್ಮ ಪತ್ರಿಕೆಯಲ್ಲಿ ವಿವರವಾಗಿ ಬರೆದರೆ ನಾನು ಮೊದಲ ಓದುಗ. ಯಾವ ರಸ್ತೆ, ಯಾವ ತಿರುವು ಅಂತ ಜಾಗ ಸಮೇತ ಬರೆಯಿರಿ, ನಾಳೆ ಮಕ್ಕಳು ಕೇಳಿದರೆ ಗಾಡಿ ನಿಲ್ಲಿಸಿ ತೋರಿಸುತ್ತೇನೆ.

ಕೊನೆಗೆ ನನ್ನ ಕೈಯಲ್ಲಿ ಆಗುವುದನ್ನು ಹೇಳುತ್ತೇನೆ. ಸೆಪ್ಟೆಂಬರ್ 28 ಬರುತ್ತದೆ. ಅವತ್ತು ನಮ್ಮ ತಾಲ್ಲೂಕಿನ ಯಾವುದಾದರೂ ಒಂದು ಸರ್ಕಾರಿ ಶಾಲೆಯ ಮಕ್ಕಳನ್ನು ಈಸೂರಿಗೆ ಕರೆದುಕೊಂಡು ಹೋಗಿ ಬರುತ್ತೇನೆ. ಡೀಸೆಲ್ ಹಾಕಿಸಿದರೆ ಸಾಕು, ಬಾಡಿಗೆ ಬೇಡ. ಮೂವತ್ತೈದು ಸೀಟು ಇದೆ. ಹಿಸ್ಟರಿ ಮೇಷ್ಟ್ರೂ ಬರುತ್ತೇನೆ ಅಂದಿದ್ದಾರೆ. ನನ್ನ ನಂಬರನ್ನು ನಿಮ್ಮ ಕಚೇರಿಯಲ್ಲಿ ಕೊಟ್ಟಿದ್ದೇನೆ, ಕೇಳಿದ ಶಾಲೆಯವರಿಗೆ ಕೊಡಿ. ಹೈಸ್ಕೂಲ್ ಮೈದಾನದ ಹತ್ತಿರದಿಂದ ಬೆಳಿಗ್ಗೆ ಆರಕ್ಕೆ ಸರಿಯಾಗಿ ಹೊರಡುತ್ತೇನೆ. ಬುತ್ತಿ ಮನೆಯಿಂದಲೇ ತರಲಿ. ಮಳೆ ಇರುತ್ತದೆ, ಛತ್ರಿ ಮರೆಯಬಾರದು. ದುಡ್ಡಿಲ್ಲ ಅಂತ ಒಂದು ಮಗುವನ್ನೂ ಹಿಂದೆ ಬಿಡಬೇಡಿ.

ಇಂತಿ,
ಒಬ್ಬ ಮಿನಿ ಬಸ್ ಚಾಲಕ, ದಾವಣಗೆರೆ